ಒಂದೇ ಬ್ರೌಸರ್ ಸಾಕಾ? ಎರಡಿಟ್ಟುಕೊಂಡು ಕೆಲಸ ಹಗುರ ಮಾಡಿಕೊಳ್ಳುವ ಬಗೆ

ಹೊಸ ಲ್ಯಾಪ್‌ಟಾಪ್ ತಂದ ದಿನ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಎಡ್ಜ್ ತೆರೆದು, ಅದರಲ್ಲಿ ಕ್ರೋಮ್ ಹುಡುಕಿ ಇಳಿಸಿಕೊಳ್ಳುವುದು. ಆಮೇಲೆ ಎಡ್ಜ್ ಕಡೆ ತಿರುಗಿಯೂ ನೋಡುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಂತೂ ಕ್ರೋಮ್ ಮೊದಲೇ ಬಂದು ಕೂತಿರುತ್ತದೆ. ಬೇರೆ ಬ್ರೌಸರ್ ಯಾಕೆ ಬೇಕು ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಅದರಲ್ಲಿ ತಪ್ಪೇನಿಲ್ಲ. ಆದರೆ ಈ ಕೆಲವು ವರ್ಷಗಳಲ್ಲಿ ಬ್ರೌಸರ್‌ಗಳ ಪೈಪೋಟಿ ಮತ್ತೆ ಜೋರಾಗಿದೆ. ಒಬ್ಬರು ತಂದ ಸೌಲಭ್ಯವನ್ನು ಇನ್ನೊಬ್ಬರು ನೋಡಿ ತರುತ್ತಿದ್ದಾರೆ. ಹಾಗಿದ್ದರೂ ಎಲ್ಲವೂ ಒಂದೇ ಕಡೆ ಸಿಗುವುದಿಲ್ಲ. ಕನ್ನಡ ಓದಿ ಹೇಳುವುದು ಒಂದರಲ್ಲಿ ಚೆನ್ನಾಗಿದೆ. ಜಾಹೀರಾತು ತಡೆಯುವುದು ಇನ್ನೊಂದರಲ್ಲಿ ಬಿಗಿಯಾಗಿದೆ. ಅದಕ್ಕೇ ನಾನು ಹೇಳುವುದು, ಎರಡು ಇಟ್ಟುಕೊಳ್ಳಿ. ಯಾವ ಎರಡು ಅನ್ನುವುದನ್ನು ಮಾತ್ರ ಸ್ವಲ್ಪ ಯೋಚಿಸಿ ಆರಿಸಿ.

ಹಂತ 1: ಒಳಗಿನ ಎಂಜಿನ್ ಯಾವುದು ನೋಡಿ

ಎಂಜಿನ್ ಅಂದರೆ ವೆಬ್‌ಸೈಟಿನ ಕೋಡ್ ಓದಿ ನಮಗೆ ಪುಟವಾಗಿ ತೋರಿಸುವ ಭಾಗ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ. ಹೆಸರು ಐದು, ಲೋಗೋ ಐದು. ಆದರೆ ಎಲ್ಲದರ ಒಳಗಿರುವುದು ಗೂಗಲ್ ಮುಂದೆ ನಿಂತು ಬೆಳೆಸುವ ಕ್ರೋಮಿಯಂ. ಹಿಟ್ಟು ಒಂದೇ, ಒಬ್ಬರು ಮಸಾಲೆ ದೋಸೆ ಹುಯ್ಯುತ್ತಾರೆ, ಇನ್ನೊಬ್ಬರು ಸೆಟ್ ದೋಸೆ. ಒಪೆರಾ 2013ರಲ್ಲಿ ತನ್ನ ಸ್ವಂತ ಎಂಜಿನ್ ಬಿಟ್ಟು ಈ ದಾರಿಗೆ ಬಂತು. ಮೈಕ್ರೋಸಾಫ್ಟ್ ಕೂಡ ತನ್ನದನ್ನು ಬಿಟ್ಟು 2020ರ ಜನವರಿಯಲ್ಲಿ ಕ್ರೋಮಿಯಂ ಮೇಲೆ ಕಟ್ಟಿದ ಎಡ್ಜ್ ಹೊರತಂದಿತು. ಒಂದು ಕಾಲದಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಇಟ್ಟುಕೊಂಡು ಆಗಿನ ದೊಡ್ಡ ಬ್ರೌಸರ್ ನೆಟ್‌ಸ್ಕೇಪನ್ನು ಮಣಿಸಿದ ಕಂಪನಿ ಇದು!

ಬೇರೆ ಎಂಜಿನ್ ಇರುವ ದೊಡ್ಡ ಹೆಸರು ಎರಡೇ ಉಳಿದಿವೆ. ಆ್ಯಪಲ್‌ನ ಸಫಾರಿ ಮತ್ತು ಮೊಜಿಲ್ಲಾದ ಫೈರ್‌ಫಾಕ್ಸ್. ಸಫಾರಿ ವಿಂಡೋಸ್‌ಗೆ ಸಿಗುವುದಿಲ್ಲ. ಹಾಗಾಗಿ ವಿಂಡೋಸ್ ಲ್ಯಾಪ್‌ಟಾಪ್ ಇರುವವರಿಗೆ ಲೆಕ್ಕ ಸುಲಭ: ಕ್ರೋಮಿಯಂ ಜಾತಿಯದು ಒಂದು, ಫೈರ್‌ಫಾಕ್ಸ್ ಇನ್ನೊಂದು. ಕ್ರೋಮ್ ಜೊತೆಗೆ ಬ್ರೇವ್ ಹಾಕಿಕೊಂಡರೆ ಎರಡಾಯಿತು ನಿಜ. ಆದರೆ ಒಂದು ವೆಬ್‌ಸೈಟ್ ಕ್ರೋಮ್‌ನಲ್ಲಿ ಕೈಕೊಟ್ಟರೆ ಬ್ರೇವ್‌ನಲ್ಲೂ ಹೆಚ್ಚಾಗಿ ಕೈಕೊಡುತ್ತದೆ. ಬೇರೆ ಎಂಜಿನ್ ಇದ್ದರೆ ಅಂಥ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ.

ಕ್ರೋಮಿಯಂ ಜಾತಿಯಲ್ಲಿ ಯಾವುದು? ಹಳೇ ಅಭ್ಯಾಸ ಇದ್ದರೆ ಕ್ರೋಮೇ ಇರಲಿ. ಕನ್ನಡ ಕೇಳಬೇಕು ಅನ್ನುವವರು ಎಡ್ಜ್ ಇಟ್ಟುಕೊಳ್ಳಿ. ಅದು ವಿಂಡೋಸ್ ಜೊತೆಗೇ ಬಂದಿರುತ್ತದೆ, ಹೊಸದಾಗಿ ಹಾಕುವ ತಾಪತ್ರಯ ಇಲ್ಲ.

ಹಂತ 2: ಬುಕ್‌ಮಾರ್ಕ್, ಪಾಸ್‌ವರ್ಡ್ ಹೊತ್ತುಕೊಂಡು ಬನ್ನಿ

ಹೊಸ ಬ್ರೌಸರ್ ಹಾಕಿ ಎರಡೇ ದಿನಕ್ಕೆ ಜನ ಹಳೆಯದಕ್ಕೆ ವಾಪಸ್ ಹೋಗುವುದು ಇದೊಂದೇ ಕಾರಣಕ್ಕೆ. ಪಾಸ್‌ವರ್ಡ್ ಎಲ್ಲಾ ಅಲ್ಲೇ ಉಳಿದಿರುತ್ತವೆ.

ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್, ಜನರಲ್ ಒಳಗೆ ಹೋಗಿ 'ಇಂಪೋರ್ಟ್' ಎಂದಿರುವ ಕಡೆ ಒತ್ತಿ. ಯಾವ ಬ್ರೌಸರಿನಿಂದ ತರಬೇಕು ಎಂದು ಕೇಳುತ್ತದೆ. ಬುಕ್‌ಮಾರ್ಕ್, ಹಿಸ್ಟರಿ ಸಲೀಸಾಗಿ ಬರುತ್ತವೆ. ಪಾಸ್‌ವರ್ಡ್ ನೇರವಾಗಿ ಬಾರದಿದ್ದರೆ ಕ್ರೋಮ್‌ನ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್ ತೆರೆಯಿರಿ. ಅದರ ಸೆಟ್ಟಿಂಗ್ಸ್‌ನಲ್ಲಿ 'ಎಕ್ಸ್‌ಪೋರ್ಟ್ ಪಾಸ್‌ವರ್ಡ್ಸ್' ಇದೆ. ಅಲ್ಲಿಂದ ಒಂದು ಸಿಎಸ್‌ವಿ ಫೈಲ್ ಇಳಿಸಿಕೊಂಡು ಫೈರ್‌ಫಾಕ್ಸ್‌ಗೆ ಕೊಡಿ.

ಇಲ್ಲಿ ಒಂದು ಎಚ್ಚರ. ಆ ಸಿಎಸ್‌ವಿ ಫೈಲಿಗೆ ಬೀಗವೇ ಇಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ನಿಮ್ಮ ಬ್ಯಾಂಕ್, ಮೇಲ್, ಎಲ್ಲದರ ಗುಟ್ಟೂ ಸಾಲಾಗಿ ಕಾಣುತ್ತದೆ. ಕೆಲಸ ಮುಗಿದ ಕೂಡಲೇ ಅಳಿಸಿ, ರೀಸೈಕಲ್ ಬಿನ್‌ನಿಂದಲೂ ಅಳಿಸಿ. ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳುವ ಸಾಹಸ ಬೇಡ.

ಹಂತ 3: ಟ್ಯಾಬ್‌ಗಳನ್ನು ನಿಲ್ಲಿಸಿ, ಗುಂಪು ಮಾಡಿ, ಮಲಗಿಸಿ

ಹದಿನೈದು ಕನ್ನಡ ಪುಟ ತೆರೆದು ಮೇಲಿನ ಸಾಲನ್ನು ಒಮ್ಮೆ ನೋಡಿ. ಪ್ರತಿ ಟ್ಯಾಬಿನಲ್ಲೂ 'ಕರ್ನಾ…', 'ಕರ್ನಾ…', 'ಬೆಂಗ…' ಅಷ್ಟೇ ಕಾಣುತ್ತದೆ. ಕನ್ನಡದ ಅಕ್ಷರಗಳು ಅಗಲ, ಟ್ಯಾಬ್‌ಗಳು ಸಣ್ಣ. ಯಾವುದು ಯಾವ ಪುಟ ಅಂತ ಒಂದೊಂದೇ ಒತ್ತಿ ನೋಡಬೇಕು.

ಇದಕ್ಕೆ ಮದ್ದು ಲಂಬ ಟ್ಯಾಬ್. ಟ್ಯಾಬ್‌ಗಳು ಮೇಲಿನ ಸಾಲು ಬಿಟ್ಟು ಎಡಗಡೆ ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಶೀರ್ಷಿಕೆ ಪೂರ್ತಿ ಓದಬಹುದು. ಲ್ಯಾಪ್‌ಟಾಪ್ ಪರದೆ ಹೇಗೂ ಅಡ್ಡಕ್ಕೆ ಜಾಸ್ತಿ, ಉದ್ದಕ್ಕೆ ಕಡಿಮೆ. ಹೆಚ್ಚಿನ ವೆಬ್ ಪುಟಗಳ ಎಡಬಲದಲ್ಲಿ ಜಾಗ ಸುಮ್ನೆ ಖಾಲಿ ಬಿದ್ದಿರುತ್ತದೆ. ಅದು ಕೆಲಸಕ್ಕೆ ಬರುತ್ತದೆ.

ಎಡ್ಜ್‌ನಲ್ಲಿ ಯಾವುದಾದರೂ ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಟರ್ನ್ ಆನ್ ವರ್ಟಿಕಲ್ ಟ್ಯಾಬ್ಸ್' ಆರಿಸಿ. ಅಲ್ಲಿ 2021ರಿಂದಲೇ ಇದು ಇದೆ. ಫೈರ್‌ಫಾಕ್ಸ್‌ಗೆ ಬಂದಿದ್ದು 2025ರ ಮಾರ್ಚ್‌ನಲ್ಲಿ, 136ನೇ ಆವೃತ್ತಿಯಲ್ಲಿ. ಸೆಟ್ಟಿಂಗ್ಸ್, ಜನರಲ್, ಬ್ರೌಸರ್ ಲೇಔಟ್ ಎಂಬಲ್ಲಿ 'ವರ್ಟಿಕಲ್ ಟ್ಯಾಬ್ಸ್' ಒತ್ತಿದರೆ ಆಯಿತು. ಮೊದಲ ಒಂದೆರಡು ದಿನ ಕೈ ಮೇಲಕ್ಕೇ ಹೋಗುತ್ತದೆ. ಅಷ್ಟಕ್ಕೇ ಬಿಟ್ಟುಬಿಡಬೇಡಿ, ಒಂದು ವಾರ ನೋಡಿ.

ಇನ್ನು ಗುಂಪು. ಕ್ರೋಮ್‌ನಲ್ಲಿ ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿ 'ಆ್ಯಡ್ ಟ್ಯಾಬ್ ಟು ನ್ಯೂ ಗ್ರೂಪ್' ಕೊಡಿ. ಹೆಸರು ಕನ್ನಡದಲ್ಲೇ ಇಡಬಹುದು: 'ಮದುವೆ ಖರೀದಿ', 'ಮಗಳ ಕಾಲೇಜು', 'ಪಹಣಿ'. ಫೈರ್‌ಫಾಕ್ಸ್‌ನಲ್ಲಿ ಒಂದು ಟ್ಯಾಬನ್ನು ಎಳೆದು ಇನ್ನೊಂದರ ಮೇಲೆ ಬಿಟ್ಟರೆ ಗುಂಪಾಗುತ್ತದೆ. ಕ್ರೋಮ್ ಇದನ್ನು 2020ರಲ್ಲೇ ತಂದಿತ್ತು, ಫೈರ್‌ಫಾಕ್ಸ್ 2025ರ ಏಪ್ರಿಲ್‌ವರೆಗೆ ಕಾಯಿಸಿತು.

ಲ್ಯಾಪ್‌ಟಾಪ್ ಹಳೆಯದು, ರ್‍ಯಾಮ್ 4 ಜಿಬಿ, ಕ್ರೋಮ್ ತೆರೆದರೆ ಫ್ಯಾನ್ ಕಿರುಚುತ್ತದೆ ಅನ್ನುವವರು ಇದನ್ನು ಬಿಡಬೇಡಿ: ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ 'ಪರ್ಫಾರ್ಮೆನ್ಸ್' ತೆರೆದು 'ಮೆಮೊರಿ ಸೇವರ್' ಆನ್ ಮಾಡಿ. ಬಹಳ ಹೊತ್ತು ಮುಟ್ಟದ ಟ್ಯಾಬ್‌ಗಳನ್ನು ಅದು ಮಲಗಿಸುತ್ತದೆ, ಮತ್ತೆ ಒತ್ತಿದರೆ ಪುಟ ಹೊಸದಾಗಿ ತೆರೆಯುತ್ತದೆ. ಹೊಸದಾಗಿ ತೆರೆಯುವುದೇ ಕೆಲವು ಕಡೆ ತೊಂದರೆ. ಅರ್ಜಿ ತುಂಬುವ ಸೈಟು, ಆಫೀಸಿನ ಸೈಟು ಅಂಥವನ್ನು ಅಲ್ಲೇ ಕೆಳಗಿರುವ 'ಆಲ್ವೇಸ್ ಕೀಪ್ ದೀಸ್ ಸೈಟ್ಸ್ ಆ್ಯಕ್ಟಿವ್' ಪಟ್ಟಿಗೆ ಸೇರಿಸಿಬಿಡಿ. ಎಡ್ಜ್‌ನಲ್ಲಿ ಇದೇ ಕೆಲಸ ಮಾಡುವುದು 'ಸ್ಲೀಪಿಂಗ್ ಟ್ಯಾಬ್ಸ್'.

ತೆರೆದಿಟ್ಟ ಟ್ಯಾಬ್ ಎಲ್ಲಿ ಹೋಯಿತು ಅಂತ ಹುಡುಕಬೇಕಾದಾಗ ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎ ಒಟ್ಟಿಗೆ ಒತ್ತಿ ಹೆಸರು ಟೈಪ್ ಮಾಡಿ. ಫೈರ್‌ಫಾಕ್ಸ್‌ನಲ್ಲಿ ವಿಳಾಸದ ಪಟ್ಟಿಯಲ್ಲಿ % ಹಾಕಿ, ಒಂದು ಸ್ಪೇಸ್ ಬಿಟ್ಟು ಟೈಪ್ ಮಾಡಿ. % ಬದಲು * ಹಾಕಿದರೆ ಬುಕ್‌ಮಾರ್ಕ್‌ಗಳಲ್ಲಿ ಹುಡುಕುತ್ತದೆ. ಕೈತಪ್ಪಿ ಮುಚ್ಚಿದ ಟ್ಯಾಬ್ ವಾಪಸ್ ಬೇಕಾದರೆ ಕಂಟ್ರೋಲ್, ಶಿಫ್ಟ್, ಟಿ. ಇದು ಎಲ್ಲ ಬ್ರೌಸರಿನಲ್ಲೂ ನಡೆಯುತ್ತದೆ. ಹೊಸದೇನಲ್ಲ, ಆದರೂ ಗೊತ್ತಿಲ್ಲದವರೇ ಜಾಸ್ತಿ.

ಹಂತ 4: ಕನ್ನಡವನ್ನು ಕಿವಿಗೆ ಕೊಡಿ

ಎಡ್ಜ್ ಬಗ್ಗೆ ನನಗೆ ನಿಜವಾಗಿ ಇಷ್ಟವಾದದ್ದು ಇದೊಂದೇ. ಆದರೆ ಈ ಒಂದಕ್ಕೇ ಅದನ್ನು ಇಟ್ಟುಕೊಳ್ಳಬಹುದು.

ಒಂದು ಕನ್ನಡ ಲೇಖನ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಯು ಒತ್ತಿ. ಇಲ್ಲವೇ ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ 'ರೀಡ್ ಅಲೌಡ್' ಆರಿಸಿ. ಮೇಲೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ 'ವಾಯ್ಸ್ ಆಪ್ಷನ್ಸ್' ತೆರೆದು ಕನ್ನಡದ ದನಿಗಳನ್ನು ಹುಡುಕಿ. ಹೆಣ್ಣು ದನಿಯ ಹೆಸರು ಸಪ್ನಾ, ಗಂಡು ದನಿಯದು ಗಗನ್. ಹಳೇ ಕಂಪ್ಯೂಟರ್ ದನಿಗಳ ಹಾಗೆ ಅಕ್ಷರ ಅಕ್ಷರ ಕುಟ್ಟುವುದಿಲ್ಲ. ಒತ್ತಕ್ಷರ ಸರಿಯಾಗಿ ಬರುತ್ತದೆ, ವಾಕ್ಯದ ಕೊನೆಯಲ್ಲಿ ದನಿ ಇಳಿಯುತ್ತದೆ. ವೇಗವನ್ನೂ ಅಲ್ಲೇ ಹೆಚ್ಚುಕಡಿಮೆ ಮಾಡಬಹುದು. ಓದುತ್ತಿರುವ ಪದಕ್ಕೆ ಬಣ್ಣ ಬರುತ್ತದೆ, ಹಾಗಾಗಿ ಕನ್ನಡ ಕಲಿಯುತ್ತಿರುವ ಮಕ್ಕಳಿಗೆ ಇದು ಒಳ್ಳೇದು. ದೂರದ ಊರಲ್ಲಿ, ವಿದೇಶದಲ್ಲಿ ಬೆಳೆಯುತ್ತಿರುವ ಮಕ್ಕಳಿಗಂತೂ ಇನ್ನೂ ಒಳ್ಳೇದು. ಕಣ್ಣು ಮಂಜಾದ ಹಿರಿಯರಿಗೆ ಹೇಳುವುದೇ ಬೇಡ. ಈ ದನಿಗಳು ಮೈಕ್ರೋಸಾಫ್ಟ್‌ನ ಸರ್ವರಿನಿಂದ ಬರುವುದರಿಂದ ಇಂಟರ್ನೆಟ್ ಮಾತ್ರ ಇರಬೇಕು.

ಜಾಹೀರಾತು, 'ಇದನ್ನೂ ಓದಿ' ಅಂಥ ಕಸವನ್ನೆಲ್ಲಾ ಅದು ಓದತೊಡಗಿದರೆ ಮೊದಲು ಎಫ್9 ಒತ್ತಿ. ಪುಟ ಬರೀ ಬರಹವಾಗಿ ತೆರೆದುಕೊಳ್ಳುತ್ತದೆ. ಆಮೇಲೆ ಓದಿಸಿ. ಎಲ್ಲಾ ಪುಟಕ್ಕೂ ಇದು ಸಿಗುವುದಿಲ್ಲ, ಸುದ್ದಿ, ಲೇಖನಗಳಿಗೆ ಹೆಚ್ಚಾಗಿ ಸಿಗುತ್ತದೆ.

ಕನ್ನಡ ಪಿಡಿಎಫ್ ಓದಿಸಲು ಹೊರಟವರಿಗೆ ಒಂದು ಪರೀಕ್ಷೆ ಹೇಳುತ್ತೇನೆ. ನಮ್ಮ ಹಳೇ ಸುತ್ತೋಲೆಗಳು, ಪುಸ್ತಕಗಳು ಎಷ್ಟೋ ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟ್‌ಗಳಲ್ಲಿವೆ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಒಂದು ಸಾಲು ಆರಿಸಿ ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ. ಕನ್ನಡವೇ ಬಂದರೆ ಅದು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್, ಸಪ್ನಾ ಓದುತ್ತಾಳೆ. ಗೀಚಿದ ಹಾಗೆ ಏನೋ ಬಂದರೆ ಯಾವ ಬ್ರೌಸರೂ ಓದಲಾರದು. ತಪ್ಪು ಬ್ರೌಸರಿನದಲ್ಲ, ಫೈಲಿನದು.

ಎಡ್ಜ್ ತೆರೆದ ಕೂಡಲೇ ಎರಚುವ ಸುದ್ದಿ, ಶಾಪಿಂಗ್ ಕೂಪನ್ನು ಇವೆಲ್ಲ ತಲೆನೋವು. ಹೊಸ ಟ್ಯಾಬ್ ಪುಟದ ಗೇರ್ ಚಿಹ್ನೆ ಒತ್ತಿ ಸುದ್ದಿಯನ್ನು ಆಫ್ ಮಾಡಿ, ಅರ್ಧ ನೆಮ್ಮದಿ ಸಿಗುತ್ತದೆ.

ಹಂತ 5: ಅರ್ಜಿ ತುಂಬಿ, ಸಾಲು ತೋರಿಸಿ

ಪಿಡಿಎಫ್ ಅರ್ಜಿ ಬಂದರೆ ಪ್ರಿಂಟ್ ತೆಗೆದು, ಪೆನ್ನಿನಲ್ಲಿ ತುಂಬಿ, ಮತ್ತೆ ಸ್ಕ್ಯಾನ್ ಮಾಡುವವರು ಇನ್ನೂ ಇದ್ದಾರೆ. ಆ ಫೈಲನ್ನು ಫೈರ್‌ಫಾಕ್ಸ್ ಕಿಟಕಿಗೆ ಎಳೆದು ಬಿಡಿ. ಬಲಮೂಲೆಯಲ್ಲಿ ಪಠ್ಯ ಸೇರಿಸುವ, ಗೆರೆ ಎಳೆಯುವ, ಚಿತ್ರ ಹಾಕುವ ಗುಂಡಿಗಳಿವೆ. ಸಹಿ ಬಿಳಿ ಹಾಳೆಯಲ್ಲಿ ಮಾಡಿ ಫೋಟೋ ತೆಗೆದಿಟ್ಟುಕೊಂಡಿದ್ದರೆ ಅದನ್ನೇ ಚಿತ್ರವಾಗಿ ಹಾಕಬಹುದು. ಸೇವ್ ಮಾಡಿದ ಮೇಲೆ ಒಮ್ಮೆ ತೆರೆದು ನೋಡಿ, ಕನ್ನಡದಲ್ಲಿ ತುಂಬಿದ್ದರಂತೂ ತಪ್ಪದೆ ನೋಡಿ. ಆನ್‌ಲೈನ್ ಪಿಡಿಎಫ್ ಎಡಿಟರ್ ಅಂತ ಸಿಕ್ಕಸಿಕ್ಕ ಸೈಟಿಗೆ ಆಧಾರ್ ಪ್ರತಿ ಏರಿಸುವುದಕ್ಕಿಂತ ಇದು ಎಷ್ಟೋ ವಾಸಿ, ಅಲ್ವಾ? ಫೈಲು ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದೇ ಇಲ್ಲ.

ಇನ್ನೊಂದು ಸಣ್ಣ ಸೌಲಭ್ಯ. ಉದ್ದದ ಲೇಖನದಲ್ಲಿ ಒಂದೇ ಸಾಲನ್ನು ಯಾರಿಗೋ ತೋರಿಸಬೇಕು ಅಂದುಕೊಳ್ಳಿ. ಕ್ರೋಮ್ ಅಥವಾ ಎಡ್ಜ್‌ನಲ್ಲಿ ಆ ಸಾಲು ಆರಿಸಿ ರೈಟ್ ಕ್ಲಿಕ್ ಮಾಡಿ 'ಕಾಪಿ ಲಿಂಕ್ ಟು ಹೈಲೈಟ್' ಒತ್ತಿ. ಆ ಲಿಂಕ್ ತೆರೆದವರಿಗೆ ಪುಟ ನೇರವಾಗಿ ಆ ಸಾಲಿಗೇ ಹೋಗಿ, ಬಣ್ಣ ಬಳಿದು ತೋರಿಸುತ್ತದೆ. 'ಕೆಳಗೆ ಹೋಗಿ, ಮೂರನೇ ಪ್ಯಾರಾ ನೋಡಿ' ಅಂತ ಬರೆಯುವ ಕೆಲಸ ಉಳಿಯಿತು.

ಹಂತ 6: ಕಾಟ ಕೊಡುವ ನೋಟಿಫಿಕೇಷನ್ ಕೀಳಿ

'ನಿಮ್ಮ ಫೋನಿಗೆ ವೈರಸ್ ಬಂದಿದೆ', 'ನಿಮಗೆ ಬಹುಮಾನ ಬಂದಿದೆ' ಅಂತ ಫೋನಿನಲ್ಲಿ ಸಂದೇಶ ಮೇಲಿಂದ ಮೇಲೆ ಬರುತ್ತಿದೆಯೇ? ಬಹಳ ಸಲ ಅದು ವೈರಸ್ ಅಲ್ಲ. ಎಂದೋ ಯಾವುದೋ ಸೈಟಿನಲ್ಲಿ ನೀವು 'ಅಲೋ' ಒತ್ತಿರುತ್ತೀರಿ. ಸಿನಿಮಾ ಇಳಿಸುವ ಸೈಟುಗಳಲ್ಲಿ 'ನೀವು ರೋಬಾಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ' ಎಂದು ನಂಬಿಸಿ ಒತ್ತಿಸುತ್ತಾರೆ. ನಿಜವಾದ ರೋಬಾಟ್ ಪರೀಕ್ಷೆಗೆ ನೋಟಿಫಿಕೇಷನ್ ಅನುಮತಿ ಬೇಕಾಗುವುದೇ ಇಲ್ಲ.

ತೆಗೆಯುವುದು ಹೀಗೆ. ಫೋನಿನ ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್‌ಗೆ ಹೋಗಿ. ಅನುಮತಿ ಪಡೆದ ಸೈಟುಗಳ ಪಟ್ಟಿ ಇರುತ್ತದೆ. ಗುರುತಿಲ್ಲದ ಹೆಸರುಗಳನ್ನು ಒಂದೊಂದಾಗಿ ಬ್ಲಾಕ್ ಮಾಡಿ. ಕಂಪ್ಯೂಟರಿನಲ್ಲಿ ಇದು ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ ಒಳಗಿನ ಸೈಟ್ ಸೆಟ್ಟಿಂಗ್ಸ್‌ನಲ್ಲಿದೆ. ಫೈರ್‌ಫಾಕ್ಸ್‌ನಲ್ಲಾದರೆ ಪ್ರೈವೆಸಿ ಪುಟದ ಪರ್ಮಿಷನ್ಸ್ ಭಾಗದಲ್ಲಿ ಹೊಸ ಸೈಟುಗಳು ಕೇಳುವುದನ್ನೇ ತಡೆಯುವ ಆಯ್ಕೆ ಇದೆ. ಮನೆಯ ಹಿರಿಯರ ಫೋನ್ ಕೈಗೆ ಸಿಕ್ಕಾಗ ಮೊದಲು ಈ ಪಟ್ಟಿ ನೋಡಿ. 'ಫೋನ್ ಹಾಳಾಗಿದೆ, ಹೊಸದು ಕೊಡಿಸು' ಅನ್ನುವ ದೂರು ಎಷ್ಟೋ ಸಲ ಇಲ್ಲೇ ಮುಗಿಯುತ್ತದೆ.

ಹಂತ 7: ಜಾಹೀರಾತು ತಡೆ

ಇಲ್ಲಿ ಪೈಪೋಟಿಯ ನಿಜವಾದ ಬಣ್ಣ ಕಾಣುತ್ತದೆ. ಗೂಗಲ್ ಬದುಕುವುದು ಜಾಹೀರಾತಿನಿಂದ. ಎಕ್ಸ್‌ಟೆನ್ಷನ್‌ಗಳ (ಬ್ರೌಸರಿಗೆ ನಾವು ಸೇರಿಸುವ ಸಣ್ಣ ತಂತ್ರಾಂಶಗಳ) ನಿಯಮವನ್ನು ಅದು ಬದಲಿಸಿದ ಮೇಲೆ ಯುಬ್ಲಾಕ್ ಒರಿಜಿನ್ ಎಂಬ ಪ್ರಸಿದ್ಧ ಜಾಹೀರಾತು ತಡೆ ಕ್ರೋಮ್‌ನಲ್ಲಿ ನಿಂತುಹೋಯಿತು. ಭದ್ರತೆಗಾಗಿ ಈ ಬದಲಾವಣೆ ಎಂದು ಗೂಗಲ್ ಹೇಳಿತು. ಅದರಲ್ಲೂ ಸ್ವಲ್ಪ ಸತ್ಯ ಇದೆ, ಏಕೆಂದರೆ ಎಕ್ಸ್‌ಟೆನ್ಷನ್‌ಗಳಿಗೆ ನೀವು ನೋಡುವ ಪುಟವೆಲ್ಲಾ ಕಾಣುತ್ತದೆ. ಈಗ ಕ್ರೋಮ್‌ಗೆ ಸಿಗುವುದು ಅದರ 'ಲೈಟ್' ಆವೃತ್ತಿ. ಪೂರ್ಣ ಆವೃತ್ತಿ ಫೈರ್‌ಫಾಕ್ಸ್‌ನಲ್ಲಿ ನಡೆಯುತ್ತಿದೆ. ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ನಲ್ಲೂ ಹಾಕಬಹುದು: ಮೆನು ಒತ್ತಿ, ಎಕ್ಸ್‌ಟೆನ್ಷನ್ಸ್ ತೆರೆದು, ಯುಬ್ಲಾಕ್ ಒರಿಜಿನ್ ಪಕ್ಕದ ಪ್ಲಸ್ ಗುರುತು ಒತ್ತಿ. ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಹಾಕುವ ದಾರಿಯೇ ಇಲ್ಲ. ಎಕ್ಸ್‌ಟೆನ್ಷನ್ ರಗಳೆಯೇ ಬೇಡ ಅನ್ನುವವರಿಗೆ ಬ್ರೇವ್ ಇದೆ, ಅದರಲ್ಲಿ ತಡೆ ಒಳಗೇ ಬರುತ್ತದೆ.

ಕನ್ನಡದ ಸಣ್ಣ ಸೈಟುಗಳು ಆ ಜಾಹೀರಾತಿನ ಪುಡಿಗಾಸಿನಲ್ಲೇ ನಡೆಯುತ್ತವೆ. ನಿಮಗೆ ಇಷ್ಟವಾದ ಸೈಟಿಗೆ ಹೋದಾಗ ಯುಬ್ಲಾಕ್ ಚಿಹ್ನೆ ಒತ್ತಿ, ದೊಡ್ಡ ಪವರ್ ಗುಂಡಿಯಿಂದ ಆ ಸೈಟಿಗೆ ಮಾತ್ರ ತಡೆ ತೆಗೆಯಿರಿ.

ಇದೆಲ್ಲದರ ಹಿಂದಿನ ಹಣದ ಲೆಕ್ಕ ಸ್ವಾರಸ್ಯವಾಗಿದೆ. ಸಫಾರಿಯಲ್ಲಿ ಗೂಗಲ್ ಹುಡುಕಾಟವೇ ಮೊದಲು ಬರಲಿ ಎಂದು ಗೂಗಲ್ 2022ರಲ್ಲಿ ಆ್ಯಪಲ್‌ಗೆ ಸುಮಾರು 2,000 ಕೋಟಿ ಡಾಲರ್ ಕೊಟ್ಟಿತ್ತು. ಇದು ಅಮೆರಿಕದ ನ್ಯಾಯಾಲಯದಲ್ಲಿ ಹೊರಬಂದ ಅಂಕಿ. ಫೈರ್‌ಫಾಕ್ಸ್ ನಡೆಸುವ ಮೊಜಿಲ್ಲಾಗೂ ಹೆಚ್ಚಿನ ಆದಾಯ ಬರುವುದು ಗೂಗಲ್‌ನಿಂದಲೇ. ಎದುರಾಳಿಯ ಸಂಬಳ ಕೊಡುವವರೂ ಇವರೇ! ಹುಡುಕಾಟದಲ್ಲಿ ಗೂಗಲ್ ತನ್ನ ಏಕಸ್ವಾಮ್ಯವನ್ನು ಕಾನೂನು ಮೀರಿ ಕಾಪಾಡಿಕೊಂಡಿದೆ ಎಂದು ಅಲ್ಲಿನ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟರು. ಆದರೆ ಕ್ರೋಮ್ ಮಾರಬೇಕು ಅನ್ನುವ ಅಮೆರಿಕ ಸರ್ಕಾರದ ಬೇಡಿಕೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಲಿಲ್ಲ. ನಮ್ಮ ದೇಶದಲ್ಲಿ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ವಿಚಾರಕ್ಕೆ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತ್ತು. ಫೋನಿನಲ್ಲಿ ಕ್ರೋಮ್ ಮೊದಲೇ ಕೂರಿಸುವುದೂ ಆ ದೂರಿನ ಒಂದು ಭಾಗ.

ನಮ್ಮವರೂ ಸುಮ್ಮನೆ ಕೂತಿರಲಿಲ್ಲ. ಬೆಂಗಳೂರಿನ ಒಂದು ಕಂಪನಿ 2010ರಲ್ಲೇ ಎಪಿಕ್ ಎಂಬ ಬ್ರೌಸರ್ ತಂದಿತ್ತು, ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡುವ ಸೌಲಭ್ಯದ ಜೊತೆಗೆ. ಈಗ ಝೋಹೋ ಕಂಪನಿಯ ಉಲಾ ಇದೆ. ಅದರ ಒಳಗೂ ಕ್ರೋಮಿಯಮ್ಮೇ.

ಹಂತ 8: ಎಐ ಬ್ರೌಸರ್‌ಗೆ ಬ್ಯಾಂಕ್ ಕೊಡಬೇಡಿ

2025ರಲ್ಲಿ ಪರ್ಪ್ಲೆಕ್ಸಿಟಿ ಕಂಪನಿಯ ಕಾಮೆಟ್ ಎಂಬ ಎಐ ಬ್ರೌಸರ್ ಬಂತು, ಅಕ್ಟೋಬರ್‌ನಲ್ಲಿ ಓಪನ್‌ಎಐ ಕಂಪನಿಯ ಅಟ್ಲಾಸ್ ಬಂತು. ಕ್ರೋಮ್ ಒಳಗೆ ಜೆಮಿನಿ, ಎಡ್ಜ್ ಒಳಗೆ ಕೋಪೈಲಟ್ ಎಂಬ ಎಐ ಸಹಾಯಕರು. ಉದ್ದದ ಪುಟದ ಸಾರ ಹೇಳು, ಎರಡು ಫ್ರಿಜ್ಜು ಹೋಲಿಸು ಅನ್ನುವ ಕೆಲಸಕ್ಕೆ ಇವು ಚೆನ್ನಾಗಿವೆ. ಬಳಸಿ.

ಆದರೆ 'ನನ್ನ ಪರವಾಗಿ ನೀನೇ ಒತ್ತು, ನೀನೇ ಕೊಂಡುಕೊ' ಅನ್ನುವ ಮಟ್ಟಕ್ಕೆ ನಾನಂತೂ ಹೋಗುವುದಿಲ್ಲ. ಕಾರಣ ಇದೆ. ಪುಟದೊಳಗೆ ನಿಮಗೆ ಕಾಣದ ಹಾಗೆ ಯಾರಾದರೂ ಒಂದು ಆಜ್ಞೆ ಬರೆದಿಟ್ಟರೆ, ಪುಟ ಓದುವ ಎಐ ಅದನ್ನು ನಿಮ್ಮ ಮಾತೆಂದೇ ತಿಳಿದು ಪಾಲಿಸಬಹುದು. ಕಾಮೆಟ್‌ನಲ್ಲಿ ಹೀಗಾಗುವುದನ್ನು ಬ್ರೇವ್‌ನ ತಂತ್ರಜ್ಞರು 2025ರ ಆಗಸ್ಟ್‌ನಲ್ಲಿ ತೋರಿಸಿಕೊಟ್ಟರು. ಎದುರಾಳಿಯ ಹುಳುಕು ಹುಡುಕುವುದರಲ್ಲಿ ಅವರಿಗೂ ಲಾಭ ಇದೆ, ನಿಜ. ಹುಳುಕು ಮಾತ್ರ ಸುಳ್ಳಲ್ಲ.

ಎಐ ಬ್ರೌಸರ್ ಹಾಕುವುದಾದರೆ ಮೂರನೆಯದಾಗಿ ಹಾಕಿ. ಅದರಲ್ಲಿ ಬ್ಯಾಂಕ್, ಮೇಲ್, ಡಿಜಿಲಾಕರ್ ಯಾವುದಕ್ಕೂ ಲಾಗಿನ್ ಆಗಬೇಡಿ. ಪಾಸ್‌ವರ್ಡ್ ಇಂಪೋರ್ಟ್ ಮಾಡಲೇ ಎಂದು ಕೇಳಿದರೆ ಬೇಡ ಅನ್ನಿ.

ಹಂತ 9: ಡಿಫಾಲ್ಟ್ ನೀವೇ ಆರಿಸಿ

ಲಿಂಕ್ ಒತ್ತಿದಾಗ ತಾನಾಗಿ ತೆರೆಯುವ ಬ್ರೌಸರೇ ಡಿಫಾಲ್ಟ್. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಡಿಫಾಲ್ಟ್ ಆ್ಯಪ್ಸ್‌ಗೆ ಹೋಗಿ. ಬೇಕಾದ ಬ್ರೌಸರ್ ಹೆಸರು ಒತ್ತಿ, ಮೇಲಿರುವ 'ಸೆಟ್ ಡಿಫಾಲ್ಟ್' ಒತ್ತಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಡಿಫಾಲ್ಟ್ ಆ್ಯಪ್ಸ್, ಬ್ರೌಸರ್. ಫೋನ್ ಕಂಪನಿಯ ಪ್ರಕಾರ ಹೆಸರು ಒಂಚೂರು ಆಚೀಚೆ ಇರಬಹುದು. ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ 'ಡಿಫಾಲ್ಟ್' ಅಂತ ಹಾಕಿದರೆ ಸಿಕ್ಕೇ ಸಿಗುತ್ತದೆ.

ಐಫೋನ್‌ನವರಿಗೆ ಒಂದು ಮಾತು. ನಮ್ಮ ದೇಶದ ಐಫೋನಿನಲ್ಲಿ ಕ್ರೋಮ್ ಹಾಕಿ, ಫೈರ್‌ಫಾಕ್ಸ್ ಹಾಕಿ, ಒಳಗಿರುವುದು ಸಫಾರಿಯ ವೆಬ್‌ಕಿಟ್ ಎಂಜಿನ್ನೇ. ಆ್ಯಪಲ್ ಬೇರೆ ಎಂಜಿನ್‌ಗೆ ಮೊದಲು ಬಾಗಿಲು ತೆಗೆದದ್ದು ಯುರೋಪ್ ಒಕ್ಕೂಟದಲ್ಲಿ, ಅದೂ 2024ರಲ್ಲಿ ಕಾನೂನು ಬಂದ ಮೇಲೆ. ಹಾಗಾಗಿ ಇಲ್ಲಿ ಬ್ರೌಸರ್ ಬದಲಿಸಿದರೆ ಸಿಗುವುದು ಹೆಚ್ಚಾಗಿ ಬುಕ್‌ಮಾರ್ಕ್, ಪಾಸ್‌ವರ್ಡ್ ಸಿಂಕ್ ಥರದ ಅನುಕೂಲ, ಬೇರೆ ಎಂಜಿನ್ ಅಲ್ಲ.

ಡಿಎಸ್‌ಸಿ (ಡಿಜಿಟಲ್ ಸಹಿ) ಹಾಕಿ ಹಳೇ ಸರ್ಕಾರಿ ಪೋರ್ಟಲ್ ಬಳಸುವ ಲೆಕ್ಕಿಗರು, ಗುತ್ತಿಗೆದಾರರಿಗೆ ಕೊನೆಯದಾಗಿ ಒಂದು ಉಪಾಯ. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ಕ್ಕೆ ನಿವೃತ್ತಿಯಾಯಿತು. 'ಐಇಯಲ್ಲಿ ಮಾತ್ರ ತೆರೆಯಿರಿ' ಅನ್ನುವ ಪುಟಗಳು ಮಾತ್ರ ಅಲ್ಲಲ್ಲಿ ಉಳಿದಿವೆ. ಎಡ್ಜ್ ಸೆಟ್ಟಿಂಗ್ಸ್‌ನ 'ಡಿಫಾಲ್ಟ್ ಬ್ರೌಸರ್' ಭಾಗದಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೋಡ್‌ಗೆ 'ಅಲೋ' ಕೊಟ್ಟು ಬ್ರೌಸರ್ ರೀಸ್ಟಾರ್ಟ್ ಮಾಡಿ. ಆಮೇಲೆ ಆ ಪುಟ ತೆರೆದು, ಮೆನುವಿನಲ್ಲಿ ಐಇ ಮೋಡ್‌ನಲ್ಲಿ ರೀಲೋಡ್ ಮಾಡುವ ಆಯ್ಕೆ ಒತ್ತಿ. ಒಮ್ಮೆ ಸೇರಿಸಿದ ಪುಟ 30 ದಿನ ನೆನಪಿರುತ್ತದೆ, ಆಮೇಲೆ ಮತ್ತೆ ಸೇರಿಸಬೇಕು. ರಿಟರ್ನ್ ಸಲ್ಲಿಸುವ ಕೊನೇ ದಿನ ಪುಟ ತೆರೆಯದಿದ್ದರೆ ಮೊದಲು ಇದನ್ನೇ ನೋಡಿ.